ಹೂಲಿ ದಾರಿಯ ತಗ್ಗು

ಡಾಂಬರು ಕಲ್ಲಲ್ಲ, ಹರಿಯುವ ವಸ್ತು. ಇಷ್ಟನ್ನು ಸರಿಯಾಗಿ ಕಲಿಯುವುದಕ್ಕೆ ನನಗೆ ಒಂದು ಹಲ್ಲು, ಒಬ್ಬ ಸಾಹೇಬರ ಬಿಳಿ ಅಂಗಿ ಮತ್ತು ಇನ್ನೊಬ್ಬ ಮನುಷ್ಯನ ನಾಲ್ಕು ವರ್ಷ ಬೇಕಾದವು. ಹಲ್ಲು ಮಾತ್ರ ನನ್ನದು.

ರಸ್ತೆ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಹಿರಿಯರು ನೀವು, ನಾಲ್ಕು ಅನುಭವದ ಮಾತು ಹೇಳ್ರಿ ಎಂದು ಚಹಾ ಕುಡಿಯುತ್ತ ಕೇಳುತ್ತಾರೆ. ನಾನು ವರ್ಕ್ ಇನ್ಸ್‌ಪೆಕ್ಟರ್ ಆಗಿ ಸೇರಿ, ಬೈಲಹೊಂಗಲ, ರಾಮದುರ್ಗ, ಸವದತ್ತಿ, ಕಿತ್ತೂರು ಎಂದು ಈ ನಾಲ್ಕು ಊರುಗಳಲ್ಲೇ ಸುತ್ತಾಡಿ ನಿವೃತ್ತನಾಗಿ ಮನೆಗೆ ಬಂದವನು. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎನ್ನುವುದು ಈಗ ನನ್ನ ಹೆಂಡತಿಗೂ ನೆನಪಿಲ್ಲ. ನಾನು ಕೆಡಿಸಿದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಹಾಗಾಗಿ ಅದನ್ನೇ ಬರೆಯುತ್ತೇನೆ.

ಮೊದಲ ಪಾಠ ಬೈಲಹೊಂಗಲದಲ್ಲಿ ಆಯಿತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆಗ ಡಾಂಬರು ತಗಡಿನ ಪೀಪಾಯಿಗಳಲ್ಲಿ ಬರುತ್ತಿತ್ತು. ರಸ್ತೆ ಪಕ್ಕದಲ್ಲೇ ಒಲೆ ಹೂಡಿ, ಕಟ್ಟಿಗೆ ಉರಿಸಿ ಅದನ್ನು ಕಾಯಿಸಿ, ಖಡಿಗೆ, ಅಂದರೆ ಜಲ್ಲಿಗೆ, ಕಲಸಿ ಹಾಸುತ್ತಿದ್ದೆವು. ಬಂದ ಡಾಂಬರು ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಅದನ್ನು ಪ್ರಯೋಗಶಾಲೆಗೆ ಕಳಿಸಬೇಕು. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ರಸ್ತೆ ಮುಗಿದು, ಅದರಲ್ಲಿ ಗುಂಡಿಗಳೂ ಬಿದ್ದಿರುತ್ತಿದ್ದವು. ಅದಕ್ಕೆ ನಮ್ಮ ಗ್ಯಾಂಗಿನ ಹಳಬರು ಬಾಯಲ್ಲೇ ಪರೀಕ್ಷೆ ಮಾಡುತ್ತಿದ್ದರು. ಕಡಲೆಕಾಳಿನಷ್ಟು ತುಂಡನ್ನು ದವಡೆಯಲ್ಲಿಟ್ಟು ಅಗಿದು, ಉಗುಳಿ, ಇದು ಬಿಸಿಲಿಗೆ ತಡೆಯುತ್ತದೆ, ಇದು ತಡೆಯುವುದಿಲ್ಲ ಎನ್ನುತ್ತಿದ್ದರು. ಅವರ ಮಾತು ಪ್ರಯೋಗಶಾಲೆಯ ವರದಿಗಿಂತ ಬೇಗ ಬರುತ್ತಿತ್ತು, ಬಹಳ ಸಲ ಅದಕ್ಕಿಂತ ಸರಿಯಾಗಿಯೂ ಇರುತ್ತಿತ್ತು.

ಇದರಲ್ಲಿ ಪಳಗಿದವರು ನಮ್ಮ ರೋಲರ್ ಓಡಿಸುತ್ತಿದ್ದ ಮಕ್ತುಮಸಾಬರು. ಉಗರಗೋಳದವರು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಡಾಂಬರಿನ ಒಲೆಗೆ ಕಟ್ಟಿಗೆ ಒಟ್ಟುವುದರಿಂದ ಶುರುಮಾಡಿ ರೋಲರ್ ಹತ್ತಿದ್ದರು. ಕೆಲಸ ಮಾತ್ರ ಇನ್ನೂ ದಿನಗೂಲಿಯದೇ. ಈಗ ಬರೆಯುವಾಗ ಅವರು ಇವರು ಎನ್ನುತ್ತಿದ್ದೇನೆ. ಆಗ ಏಕವಚನದಲ್ಲೇ ಕರೆಯುತ್ತಿದ್ದೆ. ಇನ್ಸ್‌ಪೆಕ್ಟರ್ ಅಲ್ಲವೇ ನಾನು, ಕಿಸೆಯಲ್ಲಿ ಎರಡು ಪೆನ್ನು ಬೇರೆ ಇದ್ದವು.

ಡಿಸೆಂಬರಿನ ಒಂದು ಬೆಳಿಗ್ಗೆ, ಒಳ್ಳೆಯ ಚಳಿ. ಮಕ್ತುಮಸಾಬರು ಪೀಪಾಯಿಯ ಡಾಂಬರಿಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟರು. ಅದು ಗಾಜಿನ ಹಾಗೆ ಚೂರಾಗಿ ಹಾರಿತು. ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಗ್ಯಾಂಗಿನವರೆಲ್ಲ ನೋಡುತ್ತಿದ್ದಾರೆ, ಇನ್ಸ್‌ಪೆಕ್ಟರ್ ಆದವನು ಸುಮ್ಮನೆ ನಿಂತರೆ ಹೇಗೆ ಎಂದು ನಾನೂ ಒಂದು ಚೂರು ಬಾಯಿಗೆ ಹಾಕಿ ಗಟ್ಟಿಯಾಗಿ ಕಟುಕ್ಕನೆ ಕಡಿದೆ. ಒಡೆದದ್ದು ಡಾಂಬರಲ್ಲ, ನನ್ನ ಬಲದವಡೆಯ ಹಲ್ಲು.

“ಸಾವಕಾಶ ಅಗೀಬೇಕ್ರಿ ಸಾಹೇಬ್ರ,” ಅಂದರು ಮಕ್ತುಮಸಾಬರು, ನಗು ಬಾರದ ಹಾಗೆ ಮುಖ ಬಿಗಿ ಹಿಡಿದು. “ಗಡಬಡಿ ಮಾಡಿದ್ರ ಅದು ಕಲ್ಲಾಗತೈತಿ. ಬಾಯಾಗ ಇಟ್ಕೊಂಡು ಹಗೂರಕ ಒತ್ರಿ, ತಾನ ಬಗ್ಗತೈತಿ.”

ಬೈಲಹೊಂಗಲದ ಹಲ್ಲಿನ ಡಾಕ್ಟರು ಏನು ತಿಂದಿರಿ ಎಂದು ಕೇಳಿದರು. ಡಾಂಬರು ಎಂದೆ. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, ನನ್ನ ಜೊತೆ ಮನೆಯವರು ಯಾರಾದರೂ ಬಂದಿದ್ದಾರೆಯೇ ಎಂದು ವಿಚಾರಿಸಿದರು.

ಹಲ್ಲು ಹೋಯಿತು, ಪಾಠ ಹತ್ತಲಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ಸುತ್ತಿಗೆ ಏಟಿಗೆ ಚೂರಾದ ದೃಶ್ಯ ಮಾತ್ರ. ಹಗೂರಕ ಒತ್ತಿದರೆ ಬಗ್ಗುತ್ತದೆ ಎಂಬ ಮಾತು ಕಿವಿಯ ಹೊರಗೇ ಉಳಿಯಿತು. ಒಡೆಯುವ ವಸ್ತು ಎಂದರೆ ಗಟ್ಟಿ ವಸ್ತು, ಗಟ್ಟಿ ವಸ್ತು ಎಂದರೆ ಇಟ್ಟಲ್ಲೇ ಇರುವ ವಸ್ತು. ಹೀಗೆ ತರ್ಕ ಮಾಡಿಕೊಂಡು ರಾಮದುರ್ಗಕ್ಕೆ ವರ್ಗವಾಗಿ ಹೋದೆ.

ಅಲ್ಲಿ ಕಚೇರಿಯ ಕಪಾಟಿನ ಮೇಲೆ ಒಂದು ತಗಡಿನ ಡಬ್ಬಿಯಲ್ಲಿ ಡಾಂಬರಿನ ಮಾದರಿ ಇಟ್ಟಿದ್ದೆ. ಡಬ್ಬಿ ಅಡ್ಡ ಬಿದ್ದಿತ್ತು, ನಾನು ಎತ್ತಿಡಲಿಲ್ಲ. ಬೇಸಿಗೆ ಬಂತು. ಒಂದು ದಿನ ನೋಡಿದರೆ ಡಬ್ಬಿಯ ಬಾಯಿಂದ ಡಾಂಬರು ಒಂದು ಗೇಣು ಕೆಳಗೆ ಇಳಿದು ತೂಗುತ್ತಿತ್ತು. ತುದಿಯಲ್ಲಿ ದಪ್ಪನೆಯ ಹನಿ, ಮೇಲೆ ತೆಳ್ಳನೆಯ ಎಳೆ. ಗುಮಾಸ್ತರು ನನ್ನನ್ನು ಕರೆದು ತೋರಿಸಿ, ಬೀಳುವ ಹಾಗಿದೆ ಎಂದರು. ಅದೇನೂ ಬೀಳುವುದಿಲ್ಲ, ಗಟ್ಟಿಯಾದದ್ದು ಎಂದು ನಾನು ಅಧಿಕಾರವಾಣಿಯಿಂದ ಹೇಳಿದೆ. ಸೋಮವಾರ ದೊಡ್ಡ ಸಾಹೇಬರು ಸಭೆಗೆ ಬಂದರು. ಮೈಸೂರು ಕಡೆಯವರು, ಶಿಸ್ತಿನ ಮನುಷ್ಯ, ಯಾವಾಗಲೂ ಬಿಳಿ ಅಂಗಿ. ಕಪಾಟಿನ ಕೆಳಗಿನ ಕುರ್ಚಿಯಲ್ಲೇ ಕುಳಿತರು. ಮಾತಿನ ನಡುವೆ ಹನಿ ನಿಧಾನವಾಗಿ ಅವರ ಹೆಗಲ ಮೇಲೆ ಬಂದು ಕೂತಿತು. ಅವರು ಗಾಬರಿಯಾಗಿ ಎದ್ದು ಬಾಗಿಲ ಕಡೆ ನಡೆದರು. ಎಳೆ ಹರಿಯಲಿಲ್ಲ. ಕಪಾಟಿನಿಂದ ಅವರ ಹೆಗಲಿನವರೆಗೆ ಉದ್ದವಾಗುತ್ತ ಹೋಗಿ, ಅವರು ಎಲ್ಲಿ ಹೋದರೆ ಅಲ್ಲಿಗೆ ಬಂತು. ಇದೇನ್ರೀ ಇದು ಎಂದು ಕೇಳಿದರು. ಸ್ಯಾಂಪಲ್ ಸರ್ ಎಂದೆ. ನನ್ನ ಸೇವಾವಧಿಯಲ್ಲಿ ಅದಕ್ಕಿಂತ ಕೆಟ್ಟ ಉತ್ತರವನ್ನು ನಾನು ಒಂದೇ ಸಲ ಕೊಟ್ಟಿದ್ದೇನೆ. ಅದು ಉತ್ತರವೇ ಕೊಡದೆ ಇದ್ದದ್ದು. ಅದಕ್ಕೆ ಈಗ ಬರುತ್ತೇನೆ.

ಎರಡು ವರ್ಷದ ಮೇಲೆ ನಾನು ಸವದತ್ತಿಗೆ ಬಂದೆ. ನನ್ನ ಹಣೆಬರಹ, ಅದೇ ದೊಡ್ಡ ಸಾಹೇಬರೂ ಅಲ್ಲಿಗೇ ಬಂದರು. ಮಕ್ತುಮಸಾಬರೂ ಅಲ್ಲಿದ್ದರು. ಸವದತ್ತಿಯಿಂದ ಹೂಲಿಗೆ ಹೋಗುವ ರಸ್ತೆಗೆ ಡಾಂಬರು ಹಾಸುವ ಕೆಲಸ ನಡೆದಿತ್ತು. ಆ ವರ್ಷ ಬಹಳ ದಿನ ದುಡಿದ ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿತ್ತು. ಪಟ್ಟಿಯಲ್ಲಿ ಮಕ್ತುಮಸಾಬರ ಹೆಸರಿತ್ತು. ಒಂದೇ ಷರತ್ತು, ಅವರ ಮೇಲೆ ಯಾವ ದೂರೂ ಇರಬಾರದು.

ಏಪ್ರಿಲ್ ತಿಂಗಳು. ಹೂಲಿಗೆ ಇನ್ನೂ ಎರಡು ಮೈಲಿ ಇರುವಲ್ಲಿ ಒಂದು ಹಳೇ ಹಳ್ಳ ಬಿದ್ದ ಜಾಗವಿತ್ತು. ಅದಕ್ಕೆ ದಪ್ಪಗೆ ಮಿಶ್ರಣ ತುಂಬಿ, ಮೇಲೆ ಹಾಸಿ, ರೋಲರ್ ಹೊಡೆಸಿದೆವು. ಸಂಜೆಯಾಯಿತು. ಮುಂದೆ ಎರಡು ದಿನ ರಜೆ. ಮಕ್ತುಮಸಾಬರು ರೋಲರನ್ನು ಹಿಂದಕ್ಕೆ ಹಳೇ ರಸ್ತೆಯ ಮೇಲೆ ಒಯ್ದು ನಿಲ್ಲಿಸುತ್ತೇನೆ ಎಂದರು. ಅದಕ್ಕೆ ಅರ್ಧ ತಾಸು ಬೇಕು. ನನಗೆ ಸವದತ್ತಿಯ ಬಸ್ಸು ಹಿಡಿಯುವ ಅವಸರ. ಇಲ್ಲೇ ನಿಲ್ಲಿಸು, ಏನಾಗುತ್ತದೆ ಎಂದೆ. ಅವರು ರೋಲರ್ ಮೇಲಿಂದ ಇಳಿದು ಬಂದರು.

“ಇಲ್ಲಿ ಬ್ಯಾಡ್ರಿ ಸಾಹೇಬ್ರ. ಹತ್ತು ಟನ್ ಐತ್ರಿ ಇದು. ಎರಡು ದಿನ ಬಿಸಲಾಗ ಕುಂತ್ರ ಕೆಳಗ ಇಳೀತೈತಿ.”

ನಾನು ಸುತ್ತಿಗೆ ತೆಗೆದುಕೊಂಡು ಹೊಸ ರಸ್ತೆಗೆ ಒಂದು ಬಿಟ್ಟೆ. ಟಣ್ ಎಂದಿತು. ನೋಡಿದೆಯಾ, ಕಲ್ಲಾಗಿದೆ ಎಂದೆ.

“ಬಡದ್ರ ಕಲ್ಲ ಇರತೈತ್ರಿ,” ಅಂದರು. “ಕುಂತ್ರ ಬ್ಯಾರೆ ಆಗತೈತಿ.”

ಬಾಯಲ್ಲಿ ನಾಲಿಗೆ ಹೊರಳಿದರೆ ಬಲಗಡೆ ಖಾಲಿ ಜಾಗ ತಾಗುತ್ತಿತ್ತು. ಆದರೂ ನನಗೆ ಬುದ್ಧಿ ಬರಲಿಲ್ಲ. ಹೇಳಿದಷ್ಟು ಮಾಡು ಎಂದು ಬಸ್ಸಿಗೆ ಓಡಿದೆ.

ಮೂರನೆಯ ದಿನ ಬೆಳಿಗ್ಗೆ ದೊಡ್ಡ ಸಾಹೇಬರು ತಪಾಸಣೆಗೆ ಬಂದರು, ಅದೂ ಒಂದು ತಾಸು ಮುಂಚೆ. ನಾನು ಅವರ ಜೀಪಿನ ಹಿಂದೆ ಕುಳಿತಿದ್ದೆ. ದೂರದಿಂದ ನೋಡಿದಾಗಲೇ ರೋಲರ್ ಸ್ವಲ್ಪ ಕುಳ್ಳಗಾದಂತೆ ಕಂಡಿತು. ಹತ್ತಿರ ಹೋದರೆ ಗಾಲಿಗಳು ನಾಲ್ಕು ಬೆರಳು ಒಳಗೆ ಇಳಿದಿದ್ದವು, ಅಂಚಿಗೆ ಡಾಂಬರು ಉಬ್ಬಿ ಎದ್ದಿತ್ತು. ಎಮ್ಮೆ ಕೆಸರಲ್ಲಿ ಕೂತ ಹಾಗೆ ಕೂತಿತ್ತು. ಎರಡು ದಿನ ಅದನ್ನು ಯಾರೂ ಬಡಿದಿರಲಿಲ್ಲ, ಅದು ಸುಮ್ಮನೆ ಕುಳಿತಿತ್ತು ಅಷ್ಟೆ.

“ಯಾರ್ರೀ ಇದನ್ನ ಇಲ್ಲಿ ನಿಲ್ಲಿಸಿದ್ದು?” ಎಂದರು ಸಾಹೇಬರು.

ಮಕ್ತುಮಸಾಬರು ರೋಲರ್ ಪಕ್ಕದಲ್ಲಿ ನಿಂತಿದ್ದರು. ನನ್ನ ಕಡೆ ಒಂದು ಸಲ ನೋಡಿದರು. ನಾನು ರಸ್ತೆ ಬದಿಯ ಖಡಿಯ ರಾಶಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

“ನಾನ ನಿಲ್ಸೇನ್ರಿ, ಸಾಹೇಬ್ರ,” ಎಂದರು.

ಸುಳ್ಳಲ್ಲ. ನಿಲ್ಲಿಸಿದ್ದು ಅವರೇ. ಅವತ್ತು ಸಂಜೆಯೇ ಅವರ ಹೆಸರಿಗೆ ಮೆಮೊ ಬಂತು. ಕೆಲಸದಲ್ಲಿ ಅಜಾಗರೂಕತೆ ಎಂದು ಬರೆದಿತ್ತು. ಅದು ಹಾಗೇ ಉಳಿದರೆ ಪಟ್ಟಿಯಿಂದ ಅವರ ಹೆಸರು ಹೋಗುತ್ತದೆ ಎನ್ನುವುದು ಕಚೇರಿಯ ಜವಾನನಿಗೂ ಗೊತ್ತಿತ್ತು.

ನಾನು ಹೆದರುಪುಕ್ಕಲ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಸಾಹೇಬರ ಬಿಳಿ ಅಂಗಿ ನನ್ನ ಕಣ್ಣ ಮುಂದೆಯೇ ಇತ್ತು, ಈಗ ಇದೂ ಸೇರಿದರೆ ನನ್ನ ಗತಿ ಏನು ಎಂಬ ಚಿಂತೆ. ಊಟ ಸೇರುತ್ತಿರಲಿಲ್ಲ. ಮಕ್ತುಮಸಾಬರು ಮಾತ್ರ ಎಂದಿನಂತೆ ಕೆಲಸಕ್ಕೆ ಬರುತ್ತಿದ್ದರು, ನನ್ನ ಜೊತೆ ಎಂದಿನಂತೆ ಮಾತಾಡುತ್ತಿದ್ದರು. ಒಂದು ದಿನ, ಪಟ್ಟಿ ಯಾವಾಗ ಹೋಗತೈತ್ರಿ ಎಂದು ಕೇಳಿದರು. ಇನ್ನೊಂದು ವಾರ ಆಗಬಹುದು ಎಂದೆ. ಅವರು ಹೂಂ ಎಂದು ರೋಲರ್ ಹತ್ತಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಗ ನನಗೊಂದು ಜಾಣ ಉಪಾಯ ಹೊಳೆಯಿತು. ಜಾಣ ಎಂಬ ಮಾತನ್ನು ನೀವು ಇಲ್ಲಿ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಡಾಂಬರಿನ ಗುಣವೇ ಹಾಗೆ, ಇದರಲ್ಲಿ ಯಾರದೂ ತಪ್ಪಿಲ್ಲ ಎಂದು ಸಾಹೇಬರಿಗೆ ತೋರಿಸಿಬಿಟ್ಟರೆ ಮೆಮೊ ತಾನಾಗಿ ಹೋಗುತ್ತದೆ. ನಾನು ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ. ಶುಕ್ರವಾರ ಸಂಜೆ ಒಂದು ತಾಟಿನಲ್ಲಿ ಎರಡು ಬೆರಳು ದಪ್ಪ ಡಾಂಬರು ಹಾಕಿ ಆರಿಸಿ ಸಾಹೇಬರ ಮೇಜಿನ ಮೇಲೆ ಇಟ್ಟೆ. ಅವರು ಮೊದಲು ತಲೆ ಎತ್ತಿ ಸೂರು ನೋಡಿದರು, ಆಮೇಲೆ ಕುರ್ಚಿಯನ್ನು ಹಿಂದೆ ಸರಿಸಿದರು. ಅವರದೇ ಹಿತ್ತಾಳೆಯ ಪೇಪರ್‌ವೇಟಿನಿಂದ ಡಾಂಬರನ್ನು ಬಡಿದು ತೋರಿಸಿದೆ, ಟಕ್ ಎಂದಿತು. ಪೇಪರ್‌ವೇಟನ್ನು ಅದರ ಮೇಲೇ ಇಟ್ಟು, ಸೋಮವಾರ ಬೆಳಿಗ್ಗೆ ನೋಡಬೇಕು ಸರ್ ಎಂದು ಹೇಳಿ ಮನೆಗೆ ಹೋದೆ. ಅವತ್ತು ಊಟ ಸೇರಿತು.

ಸೋಮವಾರ ಪೇಪರ್‌ವೇಟ್ ಅರ್ಧಕ್ಕಿಂತ ಹೆಚ್ಚು ಮುಳುಗಿತ್ತು. ಸಾಹೇಬರು ಎತ್ತಲು ಹೋದರೆ ತಾಟೂ ಅದರ ಜೊತೆ ಎದ್ದು ಬಂತು. ಅವರಿಗೆ ಬಹಳ ಸಂತೋಷವಾಯಿತು. ಪುಸ್ತಕದಲ್ಲಿ ಓದಿದ್ದು ಬೇರೆ, ಇದು ಬೇರೆ ಎಂದು ಪೇಪರ್‌ವೇಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸಹಜವಾಗಿ, ಇದು ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರು. ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ.

“ಮಕ್ತುಮಸಾಬ ಹೇಳಿದ್ನ್ರಿ, ಸರ್.”

“ಯಾವಾಗ?”

“ರೋಲರ್ ನಿಲ್ಸೂಕಿಂತ ಮುಂಚೆ.”

“ಗೊತ್ತಿದ್ದೂ ಮತ್ತೆ ಯಾಕ್ರೀ ಅಲ್ಲಿ ನಿಲ್ಲಿಸಿದ?”

ನಾನು ಹಾಕಿದ ಬಲೆಯಲ್ಲಿ ನಾನೇ ಸಿಕ್ಕಿದ್ದೆ. ಅವನು ಬೇಡವೆಂದ, ನಾನೇ ನಿಲ್ಲಿಸು ಎಂದೆ ಎಂದು ಹೇಳಿದೆ. ಹೇಳಿದ ಮೇಲೆ ಮೈ ಹಗುರಾಯಿತು. ಸಾಹೇಬರು ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಪಟ್ಟಿ ಶನಿವಾರವೇ ಹೋಯ್ತಲ್ರೀ,” ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಶುಕ್ರವಾರ ನಾನು ಅದೇ ಮೇಜಿನ ಮುಂದೆ, ಅದೇ ಮನುಷ್ಯನ ಎದುರು ನಿಂತಿದ್ದೆ. ಎರಡು ಮಾತು ಸಾಕಿತ್ತು. ಅದನ್ನು ಬಿಟ್ಟು ಪೇಪರ್‌ವೇಟ್ ಮುಳುಗಲಿ ಎಂದು ಎರಡು ದಿನ ಕಾದೆ.

ಸಾಹೇಬರು ಒಳ್ಳೆಯವರು. ಮೆಮೊ ಹಿಂತೆಗೆದುಕೊಂಡರು, ಮೇಲಿನವರಿಗೆ ಎರಡು ಸಲ ಬರೆದರು. ಉಪಯೋಗವಾಗಲಿಲ್ಲ. ನನಗೊಂದು ಲಿಖಿತ ಎಚ್ಚರಿಕೆ ಬಂತು. ಅದರಿಂದ ನನ್ನ ಒಂದು ಕೂದಲೂ ಕೊಂಕಲಿಲ್ಲ. ಮುಂದಿನ ಪಟ್ಟಿ ಆಗುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಅಷ್ಟು ದಿನ ಮಕ್ತುಮಸಾಬರು ದಿನಗೂಲಿಯವರಾಗಿಯೇ ರೋಲರ್ ಓಡಿಸಿದರು. ಆ ಸೋಮವಾರ ನಾನು ಅವರ ಹತ್ತಿರ ಹೋಗಿ ಎಲ್ಲ ಹೇಳಿದಾಗ ಅವರು ಗಾಲಿಗೆ ಗ್ರೀಸ್ ಹಚ್ಚುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, ಶುಕ್ರವಾರ ಹೇಳಬೇಕಿತ್ರಿ ಸಾಹೇಬ್ರ ಎಂದಷ್ಟೇ ಹೇಳಿ ಮತ್ತೆ ಗ್ರೀಸ್ ಹಚ್ಚತೊಡಗಿದರು. ನನಗೆ ಬಹಳ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಇಷ್ಟಾದರೂ ಡಾಂಬರು ನನ್ನನ್ನು ಬಿಡಲಿಲ್ಲ. ಎರಡು ಸಾವಿರದ ದಶಕದಲ್ಲಿ ಕಿತ್ತೂರಿನ ಹೆದ್ದಾರಿ ಕೆಲಸಕ್ಕೆ ಹೋದಾಗ ಪೀಪಾಯಿ ಇಲ್ಲ, ಕಟ್ಟಿಗೆ ಒಲೆ ಇಲ್ಲ. ಡಾಂಬರು ಟ್ಯಾಂಕರಿನಲ್ಲಿ ಬರುತ್ತಿತ್ತು, ಮಿಶ್ರಣ ಯಂತ್ರದಲ್ಲಿ ಆಗುತ್ತಿತ್ತು. ಅಗಿದು ನೋಡುತ್ತೇನೆ ಎಂದರೆ ಎಲ್ಲರೂ ನಗುತ್ತಿದ್ದರು. ಡಾಂಬರಿಗೆ ರಬ್ಬರಿನಂಥ ಒಂದು ವಸ್ತು ಬೆರೆಸುವ ಪದ್ಧತಿ ಬಂದಿತ್ತು. ಅಲ್ಲಿಯ ಪ್ರಯೋಗಶಾಲೆ ನೋಡಿಕೊಳ್ಳುತ್ತಿದ್ದವಳು ಶಶಿಕಲಾ, ಧಾರವಾಡದ ಹುಡುಗಿ, ಓದು ಮುಗಿಸಿ ಆಗಷ್ಟೇ ಬಂದವಳು. ಒಂದು ದಿನ ಡಬ್ಬಿಯಲ್ಲಿದ್ದ ಆ ಹೊಸ ಡಾಂಬರನ್ನು ಕಲಕುವ ಯಂತ್ರಕ್ಕೆ ಹಚ್ಚಿ, ಕಣ್ಣಿಡ್ರಿ ಸರ್ ಎಂದು ನನಗೆ ಹೇಳಿ ಹೊರಗೆ ಹೋದಳು. ಅದು ಆರುತ್ತ ಬಂದ ಹಾಗೆ ನಡುವಿನ ಸಲಾಕೆಯನ್ನು ಹಿಡಿದು ಮೇಲಕ್ಕೆ ಹತ್ತತೊಡಗಿತು. ನೀರನ್ನೋ ಎಣ್ಣೆಯನ್ನೋ ಕಲಕಿದರೆ ನಡುವೆ ತಗ್ಗು ಬೀಳುವುದನ್ನು ನೋಡಿದ್ದೆ. ಇದು ತಿರುವಿದಷ್ಟೂ ಏರುತ್ತಿತ್ತು. ಡಬ್ಬಿ ತೂತಾಗಿದೆಯೋ, ಯಂತ್ರ ತಿರುಗುಮುರುಗಾಗಿದೆಯೋ ತಿಳಿಯದೆ ನಾನು ಕರೆಂಟಿನ ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟೆ. ಕ್ಯಾಂಪಿನ ಫ್ಯಾನು, ಕಂಪ್ಯೂಟರು, ಅಲ್ಲಿಯ ಸಾಹೇಬರ ಚಹಾದ ಕೆಟಲ್ಲು ಎಲ್ಲ ನಿಂತವು.

ಶಶಿಕಲಾ ನಕ್ಕು ಸಮಾಧಾನವಾಗಿ ತಿಳಿಸಿದಳು. ಇಂಥ ದ್ರವಗಳ ಒಳಗೆ ಉದ್ದುದ್ದನೆಯ ಎಳೆಗಳಿರುತ್ತವೆ. ತಿರುವಿದಾಗ ಅವು ಜಗ್ಗಿ, ಸಲಾಕೆಗೆ ಬಿಗಿಯಾಗಿ ಸುತ್ತಿಕೊಂಡು, ನಡುವಿನ ದ್ರವವನ್ನು ಹಿಂಡುತ್ತವೆ. ಹಿಂಡಿದ್ದಕ್ಕೆ ಬೇರೆ ದಾರಿ ಇಲ್ಲ, ಮೇಲೇರುತ್ತದೆ. ಆಮೇಲೆ ಹೊಸ ಡಾಂಬರಿನ ಒಂದು ಎಳೆಯನ್ನು ಜಗ್ಗಿ ನಡುವೆ ಕತ್ತರಿಸಿದಳು. ಎರಡೂ ತುಂಡುಗಳು ಬಂದ ದಾರಿಯಲ್ಲೇ ಹಿಂದಕ್ಕೆ ಸರಿದವು. ಮೊದಲು ಹೇಗಿದ್ದೆ ಎಂಬ ನೆನಪು ಇದಕ್ಕೆ ಸ್ವಲ್ಪ ಹೊತ್ತು ಇರುತ್ತದೆ, ಹಳೇ ಡಾಂಬರು ಬೇಗ ಮರೆಯುತ್ತಿತ್ತು ಎಂದಳು. ತಟ್ಟನೆ ಬಡಿದರೆ ಗಟ್ಟಿ, ತಡವಾಗಿ ಒತ್ತಿದರೆ ದ್ರವ ಎನ್ನುವುದು ಮಾತ್ರ ಎರಡಕ್ಕೂ ಒಂದೇ ಎಂದಳು. ಮಕ್ತುಮಸಾಬರು ಹೇಳಿದ್ದನ್ನೇ ಅವಳು ಹೇಳಿದ್ದು. ಅವಳದಕ್ಕೆ ಗ್ರಾಫ್ ಇತ್ತು.

ನಾನು ಆ ದಿನ ಮೊದಲ ಸಲ ಹೂಲಿ ದಾರಿಯ ಕಥೆಯನ್ನು ಬೇರೊಬ್ಬರ ಮುಂದೆ ಹೇಳಿದೆ. ನಗಿಸುವುದಕ್ಕೆಂದೇ ಶುರುಮಾಡಿದ್ದೆ. ಸಾಹೇಬರು ಯಾರು ನಿಲ್ಲಿಸಿದ್ದು ಎಂದು ತಟ್ಟನೆ ಕೇಳಿದಾಗ ನಾನೂ ಕಲ್ಲೇ ಆಗಿದ್ದೆ, ನನಗೂ ದಿನಗಟ್ಟಲೆ ಭಾರ ಹೇರಬೇಕಾಯಿತು ಎಂದೆ. ಅವಳು ನಗಲಿಲ್ಲ. ಅವರೀಗ ಎಲ್ಲಿದ್ದಾರೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಮರುವಾರ ಬೈಕಿನಲ್ಲಿ ಉಗರಗೋಳಕ್ಕೆ ಹೋದೆ. ಮಕ್ತುಮಸಾಬರು ನಿವೃತ್ತರಾಗಿ ಮನೆಯಲ್ಲಿದ್ದರು. ಮಾತುಕತೆಯಾಯಿತು, ಊಟವಾಯಿತು. ಹೂಲಿಯಲ್ಲಿ ಅವರಿಗೆ ಏನೋ ಕೆಲಸವಿತ್ತು. ನಾನೇ ಬಿಡುತ್ತೇನೆ ಎಂದು ಹಿಂದೆ ಕೂರಿಸಿಕೊಂಡೆ. ಊರು ಎರಡು ಮೈಲಿ ಇದೆ ಎನ್ನುವಾಗ ಹೆಗಲ ಮೇಲೆ ಕೈಯಿಟ್ಟರು.

“ಹಗೂರ ಹೊಡೀರಿ ಸಾಹೇಬ್ರ. ಮಕ್ತುಮನ ತಗ್ಗ ಬಂತು.”

ಬೈಕು ಎರಡು ಸಲ ಎಗರಿತು. ಆ ರಸ್ತೆಗೆ ಅಷ್ಟರಲ್ಲಿ ಎರಡು ಸಲ ಹೊಸ ಡಾಂಬರು ಬಿದ್ದಿತ್ತು. ಕೆಳಗೆ ದಪ್ಪಗೆ ತುಂಬಿದ್ದು ಪ್ರತಿಸಲವೂ ಸ್ವಲ್ಪ ಇಳಿದು, ಗಾಲಿ ಕೂತ ಜಾಗದಲ್ಲೇ ತಗ್ಗು ಮತ್ತೆ ಮೂಡುತ್ತಿತ್ತು. ನಾನು ಬೈಕು ನಿಲ್ಲಿಸಿ, ಏನಂದಿರಿ ಎಂದೆ. ಮಂದಿ ಹಾಗೆ ಕರೆಯುತ್ತಾರೆ ಎಂದರು. ಹೂಲಿಯವರು, ಬಸ್ಸಿನವರು ಎಲ್ಲ. ಅವರಿಗೇನೂ ಬೇಸರವಿಲ್ಲವಂತೆ, ತಮ್ಮ ಹೆಸರಿನಲ್ಲಿ ಒಂದು ಜಾಗವಾದರೂ ಇದೆಯಲ್ಲ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿದರು.

“ಮಗ ಇದ ದಾರಿಲೆ ಟೆಂಪೊ ಓಡಸ್ತಾನ್ರಿ. ನಿಮ್ಮಪ್ಪ ಮಾಡಿದ್ದ ನೋಡಪಾ ಅಂತಾರ ಅವಗ. ಅದೊಂದ ಸ್ವಲ್ಪ ಚುಚ್ಚತೈತಿ.”

ನಾನು ಸೀದಾ ಹೂಲಿಯ ಚಹಾದಂಗಡಿಗೆ ಹೋಗಿ, ಅಲ್ಲಿ ಕೂತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ. ಅದು ಮಕ್ತುಮಸಾಬರ ತಪ್ಪಲ್ಲ, ಅವರು ಬೇಡವೆಂದರೂ ಅಲ್ಲೇ ನಿಲ್ಲಿಸು ಎಂದವನು ನಾನು ಎಂದೆ. ಅವರು ಗಂಭೀರವಾಗಿ ಕೇಳಿದರು. ಒಬ್ಬ ಹಿರಿಯರು ಎದ್ದು ಬಂದು ನನ್ನ ಕೈ ಹಿಡಿದುಕೊಂಡು, ದೊಡ್ಡ ಮನಸ್ಸಿನವರು ನೀವು, ಬಡವನ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವ ಸಾಹೇಬರನ್ನು ಈಗಿನ ಕಾಲದಲ್ಲಿ ನೋಡಿಲ್ಲ ಎಂದರು. ನನ್ನ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಮಕ್ತುಮಸಾಬರು ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು.

ಬಾಯಲ್ಲಿ ಹೇಳಿದ್ದನ್ನು ಯಾರೂ ನಂಬಲಿಲ್ಲವಾದ್ದರಿಂದ ಇದನ್ನು ಬರೆದಿದ್ದೇನೆ. ಹೊಸದಾಗಿ ಸೇರಿದವರು ಆ ದಾರಿಯಲ್ಲಿ ಹೋಗುತ್ತೀರಿ. ನಿಮ್ಮ ಗಾಡಿ ಎಗರಿದಾಗ ಯಾರಾದರೂ ಮಕ್ತುಮನ ತಗ್ಗು ಎಂದರೆ ತಿದ್ದಿರಿ. ನನ್ನ ಹೆಸರು ಗುರುಪಾದಪ್ಪ. ಬೇರೆಯವರ ಹೆಸರು ಸೇತುವೆಗೆ, ಸರ್ಕಲ್ಲಿಗೆ ಇರುತ್ತದೆ. ನನ್ನದು ತಗ್ಗಿಗೆ ಇರಲಿ.

ಕಳೆದ ವಾರ ಉಗರಗೋಳಕ್ಕೆ ಹೋಗಿ ಇಷ್ಟನ್ನೂ ಮಕ್ತುಮಸಾಬರಿಗೆ ಓದಿ ಹೇಳಿದೆ. ಈಗ ಅವರಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಹಲ್ಲಿನ ಪ್ರಸಂಗಕ್ಕೆ ಕೆಮ್ಮು ಬರುವ ತನಕ ನಕ್ಕರು. ರೋಲರ್ ವಿಷಯ ಬಂದಾಗ ಸುಮ್ಮನೆ ಕೂತು ಕೇಳಿದರು. ಓದಿ ಮುಗಿಸಿದ ಮೇಲೆ ಹಾಳೆಗಳ ಕಡೆ ಕೈ ಚಾಚಿದರು.

“ಶುಕ್ರವಾರದ್ದು ಓದಿದ್ರಲ್ಲ, ಹಾಳ್ಯಾಗೂ ಬರದೀರೇನ್ರಿ?” ಎಂದರು.

ಬರೆದಿದ್ದೇನೆ ಎಂದೆ. ಎಲ್ಲಿದೆ ತೋರಿಸಿ ಎಂದರು. ಅವರ ಬೆರಳು ಹಿಡಿದು ಹಾಳೆಯ ಆ ಸಾಲಿನ ಮೇಲೆ ಇಟ್ಟೆ. ಅಲ್ಲೇ ಸ್ವಲ್ಪ ಹೊತ್ತು ಬೆರಳು ಒತ್ತಿ ಹಿಡಿದುಕೊಂಡರು.

“ಹಂಗಾರ ಇವತ್ತಿನಿಂದ ತಗ್ಗು ನಿಮ್ಮದಾತ್ರಿ, ಸಾಹೇಬ್ರ.”